ಮನೆಯ ಹಿರಿಯರಿಗೆ ಡಿಮೆನ್ಷಿಯಾ: ಸಹಿ, ಹಣ, ಆಸ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರು ‘ಡಿಮೆನ್ಷಿಯಾ’ (ನೆನಪು, ತಿಳಿವಳಿಕೆ ಬರಬರುತ್ತಾ ಕುಂದುವ ಕಾಯಿಲೆ) ಎಂದ ದಿನ ಮನೆಯವರು ಕೇಳುವುದು ಮಾತ್ರೆಯ ಬಗ್ಗೆ. ಹಣ, ಕಾಗದಪತ್ರದ ಪ್ರಶ್ನೆ ಏಳುವುದು ಎಷ್ಟೋ ತಿಂಗಳ ನಂತರ, ಬಹಳ ಸಲ ಬ್ಯಾಂಕಿನ ಕೌಂಟರಿನ ಮುಂದೆ ನಿಂತಾಗ. ಅಷ್ಟು ಹೊತ್ತಿಗೆ ಸುಲಭದ ದಾರಿಗಳು ಮುಚ್ಚಿಹೋಗಿರುತ್ತವೆ. ನಮ್ಮ ಅಪ್ಪನ ವಿಷಯದಲ್ಲಿ ಹೀಗೇ ಆಯಿತು. ಆಮೇಲೆ ಬಂಧುಗಳು, ಸ್ನೇಹಿತರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಜೋಡಿಸಿದ್ದೇನೆ. ಇಲ್ಲಿರುವುದು ಭಾರತದ ಕಾನೂನು. ನಾನು ವಕೀಲಳಲ್ಲ, ನೋಡಿಕೊಂಡವಳು. ದೊಡ್ಡ ಆಸ್ತಿಯ ಕಾಗದಕ್ಕೆ ಸಹಿ ಬೀಳುವ ಮೊದಲು ವಕೀಲರಿಗೆ ತೋರಿಸಿ.

ಡಿಮೆನ್ಷಿಯಾ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಅಪ್ಪನ ಸಹಿ ನಡೆಯುವುದಿಲ್ಲವೇ?

ನಡೆಯುತ್ತದೆ. ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ ಯಾರ ಹಕ್ಕೂ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ: ಮಾನಸಿಕ ಕಾಯಿಲೆ ಇದೆ ಎಂದು ಗೊತ್ತಾದರೆ ಅಷ್ಟರಿಂದಲೇ ಆ ವ್ಯಕ್ತಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದಾಗುವುದಿಲ್ಲ, ಅದನ್ನು ಕೋರ್ಟು ಹೇಳಬೇಕು.

ಕಾನೂನು ನೋಡುವುದು ಸಹಿ ಹಾಕಿದ ಆ ಹೊತ್ತನ್ನು. 1872ರ ಕರಾರು ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಆ ಹೊತ್ತಿನಲ್ಲಿ ವಿಷಯ ಅರ್ಥವಾಗಿರಬೇಕು, ಅದರಿಂದ ತನಗೆ ಏನು ಲಾಭ, ಏನು ನಷ್ಟ ಎಂದು ತೂಗಿ ನೋಡುವ ಶಕ್ತಿ ಇರಬೇಕು. ಸಾಮಾನ್ಯವಾಗಿ ಮನಸ್ಸು ಸರಿಯಿಲ್ಲದವರು ಕೂಡ ಸರಿಯಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದು ಎಂದು ಅದೇ ಸೆಕ್ಷನ್ ಹೇಳುತ್ತದೆ.

ಒಂದು ಕೆಲಸಕ್ಕೆ ಸಾಲದ ಬುದ್ಧಿ ಇನ್ನೊಂದಕ್ಕೆ ಸಾಕಾಗಬಹುದು. ಮ್ಯೂಚುವಲ್ ಫಂಡಿನ ಲೆಕ್ಕ ತಲೆಗೆ ಹೋಗದ ಅಪ್ಪನಿಗೆ ‘ನಾನು ಹೋದ ಮೇಲೆ ಈ ಮನೆ ನಿಮ್ಮಮ್ಮನಿಗೆ’ ಎಂಬುದು ಸ್ಪಷ್ಟವಾಗಿ ಗೊತ್ತಿರುತ್ತದೆ. ದಿನದ ಹೊತ್ತೂ ಮುಖ್ಯ. ಡಿಮೆನ್ಷಿಯಾ ಇರುವ ಬಹಳ ಜನರಿಗೆ ಸಂಜೆ ಗೊಂದಲ ಜಾಸ್ತಿಯಾಗುತ್ತದೆ. ಕಾಗದದ ಕೆಲಸವನ್ನು ಅವರು ಚೆನ್ನಾಗಿ ನಿದ್ದೆ ಮಾಡಿ ಎದ್ದ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಕನ್ನಡಕ, ಕಿವಿಯ ಯಂತ್ರ ಹಾಕಿಸಿ. ಎಷ್ಟೋ ಸಲ ಅರ್ಥವಾಗಲಿಲ್ಲ ಎಂದು ನಾವು ಅಂದುಕೊಂಡಿದ್ದು ಬರೀ ಕೇಳಿಸದೇ ಇದ್ದದ್ದಾಗಿರುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಅವರ ಪಕ್ಕ ಕೂತು ಮಾತಾಡುವುದರಿಂದ. ಅವರಿಗೆ ಗೊತ್ತಿಲ್ಲದೆ ಅವರ ಬೀರು ತೆಗೆಯುವುದರಿಂದ ಅಲ್ಲ. ಏನೇನಿದೆ, ಯಾರಿಗೆ ಏನು ಕೊಡಬೇಕು, ಯಾರಿಂದ ಬರಬೇಕು, ಹಾಸಿಗೆ ಹಿಡಿದರೆ ಎಲ್ಲಿರಲು ಇಷ್ಟ, ಯಾರ ಕೈಯಲ್ಲಿ ಹಣ ಇರಬೇಕು. ಇದೆಲ್ಲ ಅವರ ಬಾಯಿಂದಲೇ ಬರಲಿ. ಒಂದೇ ದಿನ ಮುಗಿಸಬೇಡಿ, ಸುಸ್ತಾಗುತ್ತಾರೆ.

ಆಮೇಲೆ ಒಂದು ಪಟ್ಟಿ. ಬ್ಯಾಂಕ್ ಖಾತೆ, ಎಫ್‌ಡಿ, ಅಂಚೆ ಕಚೇರಿಯ ಪಾಸ್‌ಬುಕ್, ವಿಮೆ, ಷೇರು, ಪಿಂಚಣಿ ಆದೇಶದ ಪ್ರತಿ, ಮನೆಯ ಕ್ರಯಪತ್ರ, ಖಾತಾ, ಜಮೀನಿನ ಪಹಣಿ, ಲಾಕರ್ ಕೀಲಿ, ಸಾಲ, ಕೈಗಡ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಯಾರ ಹೆಸರಲ್ಲಿದೆ, ನಾಮಿನಿ ಯಾರು, ಮೂಲ ಕಾಗದ ಎಲ್ಲಿದೆ. ನಮ್ಮ ಮನೆಯಲ್ಲಿ ಈ ಪಟ್ಟಿ ಮಾಡಿದಾಗ ಮೂವತ್ತು ವರ್ಷದ ಹಿಂದೆ ತೀರಿಹೋದ ಅಜ್ಜಿ ಇನ್ನೂ ಎರಡು ಕಡೆ ನಾಮಿನಿಯಾಗಿದ್ದರು.

ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಸಿಟ್ಟಿದ್ದೇವೆ. ಅಷ್ಟು ಸಾಕಲ್ವಾ?

ಸಾಲದು. ಜನ ಅತಿ ಹೆಚ್ಚು ಎಡವುವುದು ಇಲ್ಲೇ.

ಪವರ್ ಆಫ್ ಅಟಾರ್ನಿ ಎಂದರೆ ಅಪ್ಪ ತನ್ನ ಅಧಿಕಾರವನ್ನು ನಿಮ್ಮ ಕೈಗೆ ಕೊಟ್ಟಂತೆ. ಕೊಟ್ಟವರಲ್ಲೇ ಆ ಶಕ್ತಿ ಉಳಿಯದಿದ್ದರೆ ಪಡೆದವರ ಕೈಯಲ್ಲೂ ಉಳಿಯುವುದಿಲ್ಲ. ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದು ಅದನ್ನೇ: ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿ ಸ್ವಾಧೀನ ಕಳೆದುಕೊಂಡರೆ ಪ್ರತಿನಿಧಿತ್ವ ಮುಗಿಯಿತು. ಹಾಗಾಗಿ ನಮಗೆ ಜಿಪಿಎ ನಿಜವಾಗಿ ಬೇಕಾಗುವ ದಿನವೇ ಅದರ ಜೀವ ಹೋಗಿರುತ್ತದೆ. ನೋಂದಣಿ ಮಾಡಿಸಿದ್ದರೂ ಅಷ್ಟೇ. ‘ನನಗೆ ಬುದ್ಧಿ ಭ್ರಮಣೆಯಾದರೂ ಇದು ಮುಂದುವರಿಯಲಿ’ ಎಂದು ಒಂದು ಸಾಲು ಸೇರಿಸಿದರೆ ಸಾಕು ಎನ್ನುವವರಿದ್ದಾರೆ, ಅದನ್ನು ನಂಬಿ ಕೂರಬೇಡಿ. ಇಂಗ್ಲೆಂಡಿನಲ್ಲಿ 1985ರಲ್ಲೇ ಮನಸ್ಸು ಹೋದ ಮೇಲೂ ಉಳಿಯುವ ಅಧಿಕಾರಪತ್ರಕ್ಕೆ ಕಾಯ್ದೆ ಬಂತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಈ ಕಾಯಿಲೆಯ ಮನೆಗಳಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ.

ಹಾಗೆಂದು ಜಿಪಿಎ ವ್ಯರ್ಥವಲ್ಲ. ಕಾಯಿಲೆಯ ಆರಂಭದಲ್ಲಿ, ಅವರಿಗೆ ಎಲ್ಲ ತಿಳಿಯುತ್ತದೆ ಆದರೆ ಓಡಾಡಲು, ಸಾಲಿನಲ್ಲಿ ನಿಲ್ಲಲು ಆಗುವುದಿಲ್ಲ ಎಂಬ ಹಂತದಲ್ಲಿ ಅದು ತುಂಬಾ ಉಪಯೋಗ. ಆ ಅವಧಿಯಲ್ಲೇ ಬಾಕಿ ಕೆಲಸ ಮುಗಿಸಿಕೊಳ್ಳಿ. ಹಳೆಯ ಎಫ್‌ಡಿ ಒಟ್ಟುಗೂಡಿಸುವುದು, ಮುಚ್ಚಬೇಕಾದ ಖಾತೆ ಮುಚ್ಚುವುದು, ಖಾತಾ ಸರಿಪಡಿಸುವುದು, ತೆರಿಗೆ ಬಾಕಿ ಕಟ್ಟುವುದು. ಅವರಿಗೆ ಏನೂ ತಿಳಿಯದ ಹಂತ ಬಂದ ಮೇಲೆ ಅದೇ ಜಿಪಿಎ ಹಿಡಿದು ಸೈಟು ಮಾರಿದರೆ ಆ ಮಾರಾಟವನ್ನು ಯಾರು ಬೇಕಾದರೂ ಕೋರ್ಟಿಗೆ ಎಳೆಯಬಹುದು.

ಹಾಗಾದರೆ ಮನಸ್ಸು ಪೂರ್ತಿ ಮಸುಕಾದ ಮೇಲೂ ನಿಲ್ಲುವ ವ್ಯವಸ್ಥೆ ಯಾವುದು?

ಖಾಸಗಿ ಟ್ರಸ್ಟ್. 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಮಾಡುವುದು ಇದು. ಅಪ್ಪ ತಿಳಿವಳಿಕೆ ಇರುವಾಗಲೇ ತನ್ನ ಆಸ್ತಿಯನ್ನೋ ಒಂದು ಭಾಗವನ್ನೋ ಟ್ರಸ್ಟಿಗೆ ಒಪ್ಪಿಸುತ್ತಾರೆ. ಟ್ರಸ್ಟಿಗಳಾಗಿ ಮಗಳು, ಮಗ, ನಂಬಿಕೆಯ ಇನ್ನೊಬ್ಬರು. ‘ನಾನೂ ನನ್ನ ಹೆಂಡತಿಯೂ ಬದುಕಿರುವವರೆಗೆ ಇದರ ಆದಾಯ ನಮ್ಮ ಆರೈಕೆಗೆ, ಆಮೇಲೆ ಇಂಥವರಿಗೆ ಇಷ್ಟಿಷ್ಟು’ ಎಂದು ಪತ್ರದಲ್ಲಿ ಬರೆಯುತ್ತಾರೆ. ಆಸ್ತಿ ಆಗಲೇ ಟ್ರಸ್ಟಿಗಳ ಕೈಗೆ ಬಂದಿರುವುದರಿಂದ ಅಪ್ಪನ ನೆನಪು ಹೋದರೂ ವ್ಯವಸ್ಥೆ ನಿಲ್ಲುವುದಿಲ್ಲ.

ಮನೆ, ಜಮೀನು ಸೇರಿಸಿದರೆ ಪತ್ರದ ನೋಂದಣಿ ಕಡ್ಡಾಯ, ಮುದ್ರಾಂಕ ಶುಲ್ಕ ಬೀಳುತ್ತದೆ, ತೆರಿಗೆಯ ಲೆಕ್ಕ ಬೇರೆ. ಹಾಗಾಗಿ ಎಲ್ಲ ಮನೆಗೂ ಇದು ಬೇಡ. ಒಂದು ಮನೆ, ಒಂದು ಪಿಂಚಣಿ, ಒಂದಿಷ್ಟು ಎಫ್‌ಡಿ ಇದ್ದು, ಗಂಡ ಹೆಂಡತಿಯ ಹೆಸರು ಎಲ್ಲ ಕಡೆ ಜಂಟಿಯಾಗಿದ್ದರೆ ಟ್ರಸ್ಟಿಲ್ಲದೆ ನಡೆಯುತ್ತದೆ. ಬಾಡಿಗೆ ಆಸ್ತಿ ಇದ್ದು ನೋಡಿಕೊಳ್ಳುವವರು ಹಲವರಿದ್ದರೆ ಯೋಚಿಸಿ.

ಬ್ಯಾಂಕ್ ಖಾತೆಗೆ ಏನು ಮಾಡಬೇಕು?

ಅವರು ಸಹಿ ಹಾಕಬಲ್ಲವರಾಗಿರುವಾಗಲೇ ಖಾತೆಯನ್ನು ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ರೀತಿಯ ಜಂಟಿ ಖಾತೆ ಮಾಡಿಸಿ. ಬ್ಯಾಂಕಿನವರು ‘ಈದರ್ ಆರ್ ಸರ್ವೈವರ್’ ಎನ್ನುತ್ತಾರೆ. ಅರ್ಜಿಯಲ್ಲಿ ಆ ಮಾತು ಇದೆಯೇ ಎಂದು ನೀವೇ ಓದಿ ನೋಡಿ. ‘ಇಬ್ಬರೂ ಸೇರಿ’ ಎಂದು ಬಿದ್ದಿದ್ದರೆ ಪ್ರತಿ ಸಲ ಅಪ್ಪನ ಸಹಿ ಬೇಕು. ನಮಗೆ ಆದದ್ದು ಅದೇ. ಜಂಟಿ ಖಾತೆ ಇದೆ ಎಂದು ನೆಮ್ಮದಿಯಾಗಿದ್ದೆವು. ಆಸ್ಪತ್ರೆಯ ಬಿಲ್ಲಿಗೆ ಎಫ್‌ಡಿ ಮುರಿಸಲು ಹೋದಾಗ ಇಬ್ಬರ ಸಹಿಯೂ ಬೇಕೆಂದರು. ಅಪ್ಪ ಆಗ ಪೆನ್ನು ಹಿಡಿದು ಸುಮ್ನೆ ಕೂತಿರುತ್ತಿದ್ದರು.

ಎಫ್‌ಡಿಗಳಿಗೆ ಈ ಸೂಚನೆ ಬೇರೆಯಾಗಿ ಇರುತ್ತದೆ, ಉಳಿತಾಯ ಖಾತೆಯದ್ದು ಅದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಅವಧಿಗೆ ಮುಂಚೆ ಒಬ್ಬರೇ ಮುರಿಸಬಹುದೇ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಕೈ ನಡುಗಿ ಸಹಿ ಬದಲಾಗಿದ್ದರೆ ಅದಕ್ಕೆ ದಾರಿ ಇದೆ. ಸಹಿ ಹಾಕಲಾಗದ ವೃದ್ಧರ, ರೋಗಿಗಳ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬಹುದು, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಬೇಕು ಎಂದೂ 2017ರಲ್ಲಿ ಅದು ಬ್ಯಾಂಕುಗಳಿಗೆ ಹೇಳಿದೆ. ಆದರೆ ಇದು ಮೈ ಕೈಕೊಟ್ಟವರಿಗೆ ಇರುವ ಅನುಕೂಲ. ಏನು ಮಾಡುತ್ತಿದ್ದೇನೆ ಎಂಬುದೇ ತಿಳಿಯದವರ ಹೆಬ್ಬೆಟ್ಟಿಗೆ ಇದು ರಕ್ಷಣೆ ಕೊಡುವುದಿಲ್ಲ.

ಅಮ್ಮನ ಎಟಿಎಂ ಕಾರ್ಡು, ಪಿನ್ ನನ್ನ ಹತ್ತಿರವೇ ಇದೆ. ಅದರಲ್ಲೇ ನಡೆಸಿದರೆ ತಪ್ಪೇ?

ಎಷ್ಟೋ ಮನೆಗಳು ಹೀಗೇ ನಡೆಯುತ್ತವೆ ಎಂದು ನನಗೆ ಗೊತ್ತು. ಆದರೂ ಪಿನ್ ಹಂಚಿಕೊಳ್ಳುವುದು ಬ್ಯಾಂಕಿನ ಷರತ್ತಿಗೆ ವಿರುದ್ಧ. ನಾಳೆ ವಂಚನೆ ಆದರೆ ಹಣ ವಾಪಸ್ ಕೇಳುವ ಹಕ್ಕು ದುರ್ಬಲವಾಗುತ್ತದೆ. ಒಡಹುಟ್ಟಿದವರು ಲೆಕ್ಕ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಬೇಕು. ಅವರಿಗೆ ತಿಳಿವಳಿಕೆ ಇರುವಾಗ ಜಂಟಿ ಖಾತೆ ಮಾಡಿಸಿದರೆ ಈ ತಲೆನೋವೇ ಇಲ್ಲ.

ಉಯಿಲು ಬರೆಯಲು ತಡವಾಯಿತೇ?

ಅವರು ಈಗ ಯಾವ ಹಂತದಲ್ಲಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಬುದ್ಧಿ ಸ್ವಾಧೀನವಿರುವ ವಯಸ್ಕರು ಉಯಿಲು ಬರೆಯಬಹುದು. ಕಾಯಿಲೆಯಿಂದ ತಾನೇನು ಮಾಡುತ್ತಿದ್ದೇನೆಂದು ತಿಳಿಯದ ಸ್ಥಿತಿಯಲ್ಲಿ ಬರೆದದ್ದು ನಿಲ್ಲುವುದಿಲ್ಲ. ನಡುವೆ ಮನಸ್ಸು ತಿಳಿಯಾದ ಹೊತ್ತಿನಲ್ಲಿ ಬರೆದದ್ದು ನಿಲ್ಲುತ್ತದೆ.

ಬಿಳಿ ಹಾಳೆ ಸಾಕು, ಮುದ್ರಾಂಕ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಬೇರೆಯವರಿಗೆ ಇಷ್ಟೇ ಸಾಕು. ಡಿಮೆನ್ಷಿಯಾ ಇರುವವರ ಉಯಿಲಿಗೆ ಇನ್ನೂ ಸ್ವಲ್ಪ ಬೇಕು, ಏಕೆಂದರೆ ‘ಆಗ ಅವರಿಗೆ ಅರಳುಮರಳು’ ಎಂಬ ಮಾತು ಒಂದಲ್ಲ ಒಂದು ದಿನ ಬರುತ್ತದೆ. ಅದಕ್ಕೇ:

- ಸಹಿಯ ದಿನವೇ, ಆಗದಿದ್ದರೆ ಒಂದೆರಡು ದಿನದೊಳಗೆ, ನ್ಯೂರಾಲಜಿಸ್ಟ್ ಅಥವಾ ಮನೋವೈದ್ಯರಿಂದ ಪ್ರಮಾಣಪತ್ರ ಪಡೆಯಿರಿ. ‘ಆರೋಗ್ಯವಾಗಿದ್ದಾರೆ’ ಎಂಬ ಒಂದು ಸಾಲು ಸಾಲದು. ತನ್ನ ಆಸ್ತಿ ಏನು, ತನ್ನವರು ಯಾರು, ಉಯಿಲಿನಿಂದ ಏನಾಗುತ್ತದೆ ಎಂದು ಕೇಳಿದೆ, ಹೀಗೆ ಹೇಳಿದರು ಎಂದು ಡಾಕ್ಟರು ಬರೆದಿರಬೇಕು. ನೆನಪಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಷ್ಟು ಅಂಕ ಬಂತು ಎಂಬುದಷ್ಟೇ ಉತ್ತರವಲ್ಲ.
- ಸಾಧ್ಯವಾದರೆ ಅವರನ್ನು ಬಲ್ಲ ಡಾಕ್ಟರೇ ಒಬ್ಬ ಸಾಕ್ಷಿಯಾಗಲಿ.
- ನೋಂದಣಿ ಮಾಡಿಸಿ. ಸಬ್ ರಿಜಿಸ್ಟ್ರಾರ್ ಮುಂದೆ ಅವರೇ ಒಪ್ಪಿಕೊಂಡರು ಎಂಬುದಕ್ಕೆ ತೂಕ ಇದೆ.
- ವಿಡಿಯೊ ಮಾಡುವುದಾದರೆ ಅವರ ಮಾತಿನಲ್ಲೇ ಹೇಳಲಿ. ನೀವು ಪಕ್ಕದಿಂದ ಹೇಳಿಕೊಡುವುದು ಕೇಳಿಸಿದರೆ ಅದೇ ನಿಮಗೆ ತಿರುಗಿಬೀಳುತ್ತದೆ. ಆಸ್ತಿ ಪಡೆಯುವವರು ಆ ಕೋಣೆಯಲ್ಲೇ ಇರದಿದ್ದರೆ ಇನ್ನೂ ಒಳ್ಳೆಯದು.

ಒಬ್ಬ ಮಗುವಿಗೆ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಸಿ. ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲಿಗೆ ಮಾತ್ರ ಉಯಿಲು ಬರೆಯಬಹುದು, ಇಡೀ ಆಸ್ತಿಗಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಷ್ಟೇ ಉಯಿಲು ಬರೆಯಲು ಅವಕಾಶ.

ಉಯಿಲಿನ ಗೋಜೇ ಬೇಡ, ಮನೆಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಡೋಣ ಎನ್ನುತ್ತಾರೆ. ಸರಿಯೇ?

ನನ್ನ ಮಾತು ಕೇಳುವುದಾದರೆ ಅವಸರ ಬೇಡ. ಉಯಿಲನ್ನು ಬದಲಿಸಬಹುದು, ದಾನಪತ್ರವನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲಾಗದು. ಇನ್ನೂ ಹತ್ತು ವರ್ಷ ಆರೈಕೆ ಬೇಕಾಗಬಹುದಾದ ವ್ಯಕ್ತಿಯ ಕೈಯಿಂದ ಅವರ ತಲೆಯ ಮೇಲಿನ ಸೂರನ್ನೇ ಬಿಡಿಸಿಕೊಳ್ಳುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಮುಂದೆ ಮನೆಯನ್ನು ಮಾರಿ ಅವರ ಖರ್ಚಿಗೆ ಬಳಸಬೇಕಾಗಿ ಬಂದರೆ ಹೆಸರಿರುವ ಮಗನೋ ಮಗಳೋ ಒಪ್ಪಬೇಕು.

ಕೊಡಲೇಬೇಕು ಎಂದಿದ್ದರೆ ಪತ್ರದಲ್ಲೇ ಷರತ್ತು ಬರೆಸಿ: ‘ನನ್ನ ಊಟ, ವಸತಿ, ಔಷಧ, ಆರೈಕೆ ನೋಡಿಕೊಳ್ಳಬೇಕು, ಬದುಕಿರುವವರೆಗೆ ಈ ಮನೆಯಲ್ಲೇ ಇರುವ ಹಕ್ಕು ನನಗಿದೆ’. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಪತ್ರದಲ್ಲಿ ಷರತ್ತಿಲ್ಲದೆ ಸೋತ ಹಿರಿಯರಿದ್ದಾರೆ. ಕರ್ನಾಟಕದಲ್ಲಿ ಅರ್ಜಿ ಕೊಡಬೇಕಾದದ್ದು ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ನ್ಯಾಯಮಂಡಳಿಗೆ.

ನಾಮಿನಿ ಹಾಕಿದ್ದೇವೆ. ಹಣ ಅವರಿಗೇ ತಾನೇ?

ಹಾಗಲ್ಲ. ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವರು, ಸಾಮಾನ್ಯವಾಗಿ ಮಾಲೀಕರಲ್ಲ. ಹಣ ಸೇರಬೇಕಾದದ್ದು ಉಯಿಲಿನಲ್ಲಿರುವವರಿಗೆ ಅಥವಾ ವಾರಸುದಾರರಿಗೆ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ಜೀವ ವಿಮೆಯಲ್ಲಿ 2015ರ ತಿದ್ದುಪಡಿಯ ನಂತರ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ನಿಯಮ ಬೇರೆ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು. ಉಯಿಲಿನಲ್ಲಿ ಒಂದು ಹೆಸರು, ನಾಮಿನಿ ಕಾಲಂನಲ್ಲಿ ಇನ್ನೊಂದು ಹೆಸರು ಇದ್ದರೆ ಜಗಳಕ್ಕೆ ನಾವೇ ಬೀಜ ಬಿತ್ತಿದಂತೆ.

ತಡವಾಗಿಯೇ ಹೋಯಿತು. ಅಮ್ಮನಿಗೆ ಈಗ ನನ್ನ ಗುರುತೂ ಸಿಗುವುದಿಲ್ಲ. ಅವರ ಹೆಸರಿನ ಹಣ ಅವರ ಚಿಕಿತ್ಸೆಗೇ ಸಿಗುತ್ತಿಲ್ಲ. ಏನು ಮಾಡಲಿ?

ಈ ಪ್ರಶ್ನೆ ಕೇಳುವವರ ಕಣ್ಣಲ್ಲಿ ನೀರಿರುತ್ತದೆ. ಮೊದಲು ಒಂದು ಮಾತು: ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಡ್ಡದಾರಿ ಹಿಡಿಯಬೇಡಿ. ಅದು ಅಮ್ಮನಿಗೂ ಅನ್ಯಾಯ, ನಿಮಗೂ ಅಪಾಯ.

ದಾರಿ ಕೋರ್ಟಿನ ಮೂಲಕ ಇದೆ. ಹಿಂದೆ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸುವ ಅಧ್ಯಾಯವಿತ್ತು, ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದಿತ್ತು. 2017ರ ಹೊಸ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಹಕ್ಕನ್ನು ಚೆನ್ನಾಗಿ ಕಾಪಾಡಿತು, ಆದರೆ ಆಸ್ತಿಯ ಆ ಅಧ್ಯಾಯಕ್ಕೆ ಬದಲಿ ಕೊಡಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪೋಷಕರ (ಗಾರ್ಡಿಯನ್) ನೇಮಕ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯಕ್ಕೆ ಸೀಮಿತ. ಡಿಮೆನ್ಷಿಯಾ ಆ ಪಟ್ಟಿಯಲ್ಲಿಲ್ಲ. ‘ಅಲ್ಲಿಗೆ ಹೋಗಿ’ ಎಂದು ಯಾರಾದರೂ ಕಳಿಸಿದರೆ ತಿಂಗಳುಗಟ್ಟಲೆ ಅಲೆಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾಗಿ ಕುಟುಂಬಗಳು ಸಾಮಾನ್ಯವಾಗಿ ಹೈಕೋರ್ಟಿಗೆ ಹೋಗುತ್ತವೆ. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ ‘ನನ್ನನ್ನು ಅಮ್ಮನ ಪೋಷಕಿಯಾಗಿ ನೇಮಿಸಿ’ ಎಂದು ಕೇಳುತ್ತಾರೆ. ಕೋಮಾದಲ್ಲಿದ್ದವರ ಕುಟುಂಬಗಳ ಅರ್ಜಿಗಳ ಮೇಲೆ ಕೇರಳ ಹೈಕೋರ್ಟು 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಇನ್ನೊಂದು ದಾರಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್: ಜಿಲ್ಲಾ ನ್ಯಾಯಾಲಯ ಅಥವಾ ರಾಜ್ಯ ಗೊತ್ತುಮಾಡಿದ ಪ್ರಾಧಿಕಾರ ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ ‘ಸೀಮಿತ ಪೋಷಕ’ರನ್ನು ನೇಮಿಸಬಹುದು. ನಿಮ್ಮ ಪ್ರಕರಣಕ್ಕೆ ಯಾವುದು ಎಂದು ಇಂಥ ಅರ್ಜಿ ಹಾಕಿ ಗೊತ್ತಿರುವ ವಕೀಲರೇ ಹೇಳಬೇಕು.

ಹೋಗುವಾಗ ಕೈಯಲ್ಲಿ ಇಷ್ಟಿರಲಿ: ತಜ್ಞರ ವರದಿ, ಸ್ಕ್ಯಾನ್, ಅಂಗವೈಕಲ್ಯ ಪ್ರಮಾಣಪತ್ರ ಇದ್ದರೆ ಅದು, ಎಲ್ಲ ವಾರಸುದಾರರ ಒಪ್ಪಿಗೆ ಪತ್ರ, ಆಸ್ತಿ ಮತ್ತು ಸಾಲದ ಪಟ್ಟಿ, ತಿಂಗಳ ಖರ್ಚಿನ ಲೆಕ್ಕ. ಕೋರ್ಟು ವೈದ್ಯಕೀಯ ಮಂಡಳಿಯಿಂದ ಪರೀಕ್ಷೆ ಮಾಡಿಸಬಹುದು. ಆದೇಶ ಬಂದ ಮೇಲೂ ಆಗಾಗ ಲೆಕ್ಕ ಒಪ್ಪಿಸಿ, ಮನೆ ಮಾರಲು ಮತ್ತೆ ಅನುಮತಿ ಪಡೆಯಿರಿ ಎಂಬ ಷರತ್ತು ಇರಬಹುದು. ಒಡಹುಟ್ಟಿದವರೆಲ್ಲ ಒಂದೇ ಮಾತು ಆಡಿದರೆ ಕೆಲಸ ಬೇಗ ಆಗುತ್ತದೆ. ಒಬ್ಬರು ತಕರಾರು ತೆಗೆದರೆ ಕಾಲ ಹಿಡಿಯುತ್ತದೆ.

ವಕೀಲರ ಖರ್ಚು ಭರಿಸಲು ಆಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರಿಗೆ, ಅಂಗವೈಕಲ್ಯ ಇರುವವರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

ಚಿಕಿತ್ಸೆಯ ತೀರ್ಮಾನ ಯಾರದು?

ಇದು ಹಣದಿಂದ ಬೇರೆ ವಿಷಯ, ಕಾಗದವೂ ಬೇರೆ. 2017ರ ಕಾಯ್ದೆಯಡಿ ಎರಡು ಅನುಕೂಲಗಳಿವೆ. ಒಂದು ಮುಂಗಡ ನಿರ್ದೇಶನ: ಮುಂದೆ ನನಗೆ ತೀರ್ಮಾನ ತೆಗೆದುಕೊಳ್ಳಲು ಆಗದಿದ್ದಾಗ ನನ್ನ ಮಾನಸಿಕ ಕಾಯಿಲೆಗೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಎಂದು ಈಗಲೇ ಬರೆದಿಡುವುದು. ಇನ್ನೊಂದು ನಾಮನಿರ್ದೇಶಿತ ಪ್ರತಿನಿಧಿ: ನನ್ನ ಪರವಾಗಿ ಡಾಕ್ಟರ ಹತ್ತಿರ ಮಾತಾಡುವವರು ಇವರು ಎಂದು ಹೆಸರಿಸುವುದು. ಈ ಪ್ರತಿನಿಧಿಗೆ ಆಸ್ತಿಯ ಮೇಲೆ ಅಧಿಕಾರ ಇಲ್ಲ.

ಕೊನೆಯ ದಿನಗಳ ವಿಷಯಕ್ಕೆ ಇರುವುದು ಲಿವಿಂಗ್ ವಿಲ್. ವೆಂಟಿಲೇಟರ್ ಬೇಕೇ, ಕೊಳವೆಯಲ್ಲಿ ಆಹಾರ ಬೇಕೇ ಎಂಬುದನ್ನು ಮೊದಲೇ ಹೇಳಿಡುವ ಪತ್ರ. ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು, 2023ರ ಜನವರಿಯಲ್ಲಿ ಕ್ರಮ ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಕರ್ನಾಟಕ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಈ ಮಾತು ಎತ್ತುವುದು ಕಷ್ಟ. ನಾನು ಅಪ್ಪನನ್ನು ಕೇಳಲಿಲ್ಲ. ಕೊನೆಗೆ ಐಸಿಯು ಬಾಗಿಲಲ್ಲಿ ನಾವು ಮೂವರು ಮಕ್ಕಳು ಮೂರು ಥರ ಯೋಚಿಸುತ್ತಾ ನಿಂತಿದ್ದೆವು. ಅವರ ಬಾಯಿಂದ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಪಿಂಚಣಿ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಸರ್ಕಾರಿ ಪಿಂಚಣಿದಾರರು ಸಾಮಾನ್ಯವಾಗಿ ಪ್ರತಿ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳಚ್ಚು ಹತ್ತದಿದ್ದರೆ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮುಗಿಸಬಹುದು. ಪಿಂಚಣಿ ದಾಖಲೆಯಲ್ಲಿ ಹೆಂಡತಿಯ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕ ಸರಿ ಇದೆಯೇ ಎಂದು ಈಗಲೇ ನೋಡಿ. ಕುಟುಂಬ ಪಿಂಚಣಿ ತಡವಾಗುವುದು ಬಹಳ ಸಲ ಒಂದು ಅಕ್ಷರದ ತಪ್ಪಿನಿಂದ.

ಖರ್ಚಿಗೆ ವಿಮೆ, ತೆರಿಗೆ ವಿನಾಯಿತಿ ಏನಾದರೂ ಸಿಗುತ್ತದೆಯೇ?

ಸಿಗುತ್ತದೆ, ಆದರೆ ದೊಡ್ಡ ಖರ್ಚಿಗೆ ಅಲ್ಲ. ಡಿಮೆನ್ಷಿಯಾದಲ್ಲಿ ಹಣ ಹೋಗುವುದು ಆಸ್ಪತ್ರೆಗಿಂತ ಹೆಚ್ಚಾಗಿ ಮನೆಯಲ್ಲಿ: ಹಗಲು ರಾತ್ರಿ ನೋಡಿಕೊಳ್ಳುವವರ ಸಂಬಳ, ಡೈಪರ್, ಕೆಲಸ ಬಿಟ್ಟ ಮಗಳ ಕಳೆದುಹೋದ ಸಂಬಳ. ಇದನ್ನು ಸಾಮಾನ್ಯ ಆರೋಗ್ಯ ವಿಮೆ ಕೊಡುವುದಿಲ್ಲ. 70 ದಾಟಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಅದೂ ಆಸ್ಪತ್ರೆಗೆ ದಾಖಲಾದಾಗ ಮಾತ್ರ. ಮಾನಸಿಕ ಕಾಯಿಲೆಗೆ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ, ಕ್ಲೇಮು ತಿರಸ್ಕಾರವಾದರೆ ಈ ಸಾಲನ್ನು ತೋರಿಸಿ.

1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಪಟ್ಟಿಯಲ್ಲಿ ಡಿಮೆನ್ಷಿಯಾ ಹೆಸರಿತ್ತು. ಅಂಗವೈಕಲ್ಯ ಶೇ 40 ಮತ್ತು ಮೇಲೆ ಇದ್ದರೆ ಹಿರಿಯ ನಾಗರಿಕರ ಚಿಕಿತ್ಸಾ ವೆಚ್ಚಕ್ಕೆ 1 ಲಕ್ಷ ರೂಪಾಯಿವರೆಗೆ ಕಡಿತ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ ಸೆಕ್ಷನ್ ಸಂಖ್ಯೆಯನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ. ನ್ಯೂರಾಲಜಿಸ್ಟ್ ಚೀಟಿ ಮತ್ತು ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕುತ್ತಾ ಹೋಗಿ.

ಫೋನಿನಲ್ಲಿ ಯಾರೋ ಅಪ್ಪನ ಹತ್ತಿರ ಹಣ ಕೀಳುತ್ತಿದ್ದಾರೆ.

ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಆ ಹೊತ್ತಿನಲ್ಲಿ ಅಪ್ಪನನ್ನು ಬೈಯುತ್ತಾ ಕೂರಬೇಡಿ. ಮುಂದೆ ಹೀಗಾಗದಂತೆ ದೊಡ್ಡ ಮೊತ್ತವನ್ನು ಬೇರೆ ಖಾತೆಗೆ ಹಾಕಿ, ಅವರ ಕೈಯಲ್ಲಿರುವ ಕಾರ್ಡಿನ ಖಾತೆಯಲ್ಲಿ ಸಣ್ಣ ಮೊತ್ತ ಇರಲಿ. ಯುಪಿಐ ಮಿತಿ ಇಳಿಸಿ. ಖಾತೆಯ ಸಂದೇಶ ನಿಮಗೂ ಬರಲಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಬೇಕಾದಾಗ ತೆಗೆಯಬಹುದು.

ಸಂಬಂಧಿಕರೊಬ್ಬರು ಅಜ್ಜಿಯಿಂದ ಯಾವುದೋ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಅದು ಊರ್ಜಿತವೇ?

ಪ್ರಶ್ನಿಸಬಹುದು. ವಯಸ್ಸು, ಕಾಯಿಲೆಯಿಂದ ಮನಸ್ಸು ಕುಗ್ಗಿದವರ ಜೊತೆ ಮಾಡಿಕೊಂಡ ಕರಾರನ್ನು ಕರಾರು ಕಾಯ್ದೆಯ 16ನೇ ಸೆಕ್ಷನ್ ಅನುಮಾನದಿಂದಲೇ ನೋಡುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪತ್ರದ ದೃಢೀಕೃತ ಪ್ರತಿ ತೆಗೆಸಿ, ಆ ದಿನಾಂಕದ ಆಸುಪಾಸಿನ ಆಸ್ಪತ್ರೆ ದಾಖಲೆ ಒಟ್ಟುಮಾಡಿ, ತಡಮಾಡದೆ ಸಿವಿಲ್ ವಕೀಲರನ್ನು ಕಾಣಿ. ಅಜ್ಜಿಯ ಪರವಾಗಿ ದಾವೆ ಹೂಡಲು ಕೋರ್ಟು ಹತ್ತಿರದ ಒಬ್ಬರಿಗೆ ಅನುಮತಿ ಕೊಡಬಹುದು. ಹಿಂಸೆ, ಬೆದರಿಕೆ ಇದ್ದರೆ ಹಿರಿಯರ ಸಹಾಯವಾಣಿ 14567.

ನೋಡಿಕೊಳ್ಳುವುದೆಲ್ಲ ನಾನೇ. ಆದರೂ ತಮ್ಮ, ಅಕ್ಕ ನನ್ನ ಮೇಲೇ ಅನುಮಾನ ಪಡುತ್ತಾರೆ.

ನೋವಾಗುತ್ತದೆ, ಗೊತ್ತು. ಆ ನೋವಿನಲ್ಲಿ ಲೆಕ್ಕ ಬರೆಯುವುದನ್ನು ಬಿಡಬೇಡಿ. ಅಪ್ಪನ ಹಣ ಒಂದು ಖಾತೆಯಲ್ಲಿ, ನಿಮ್ಮದು ಇನ್ನೊಂದರಲ್ಲಿ. ಬೆರೆಸಬೇಡಿ. ತಿಂಗಳಿಗೊಮ್ಮೆ ಒಂದು ಹಾಳೆಯ ಲೆಕ್ಕವನ್ನು ಎಲ್ಲರಿಗೂ ಕಳಿಸಿ, ಕೇಳದಿದ್ದರೂ ಕಳಿಸಿ. ನೋಡಿಕೊಳ್ಳುವವರಿಗೆ ಇಷ್ಟು ಸಲ್ಲಬೇಕು ಎಂದು ಅಪ್ಪನಿಗೆ ಅನಿಸಿದ್ದರೆ ಅದನ್ನು ಅವರು ತಿಳಿವಳಿಕೆಯಲ್ಲಿರುವಾಗ ಎಲ್ಲರ ಮುಂದೆ ಹೇಳಿ, ಬರೆದಿಡಲಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅಪ್ಪನಿಗೆ ಕಾಯಿಲೆ, ನೋಡಿಕೊಳ್ಳುತ್ತಿರುವುದು ಅಮ್ಮ. ಅಮ್ಮನೇ ಮೊದಲು ಹೋದರೆ?

ಇದನ್ನು ಕೇಳುವವರು ಕಡಿಮೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ನಾಮಿನಿಯಾಗಿರುತ್ತಾರೆ, ಉಯಿಲೂ ಹಾಗೇ ಇರುತ್ತದೆ. ಅಮ್ಮ ಮೊದಲು ಹೋದರೆ ಅವರದ್ದೆಲ್ಲ ಬಂದು ಬೀಳುವುದು ಸಹಿ ಹಾಕಲಾರದ ಅಪ್ಪನ ಹೆಸರಿಗೆ. ಅಲ್ಲಿಗೆ ಇಬ್ಬರ ಹಣವೂ ಕಟ್ಟಿಬಿದ್ದಂತೆ. ಅಮ್ಮ ಇವತ್ತೇ ತಮ್ಮ ಉಯಿಲು ಬದಲಿಸಲಿ. ಆಸ್ತಿಯನ್ನು ನಂಬಿಕೆಯ ಟ್ರಸ್ಟಿಗಳಿಗೆ ಕೊಟ್ಟು ‘ನನ್ನ ಗಂಡನ ಆರೈಕೆಗೆ ಬಳಸಿ, ಆಮೇಲೆ ಮಕ್ಕಳಿಗೆ’ ಎಂದು ಉಯಿಲಿನಲ್ಲೇ ಬರೆಯಬಹುದು. ನಾಮಿನಿಯಾಗಿ ಮಗ ಅಥವಾ ಮಗಳ ಹೆಸರು ಹಾಕಲಿ. ಅಮ್ಮ ಹೋದ ವಾರವೇ ಅಪ್ಪನನ್ನು ಯಾರ ಮನೆಗೆ ಕರೆದೊಯ್ಯುವುದು ಎಂಬುದೂ ಮಕ್ಕಳ ನಡುವೆ ಮೊದಲೇ ತೀರ್ಮಾನವಾಗಿರಲಿ.

ಎಲ್ಲ ಸರಿಮಾಡಿದ್ದೇವೆ. ಆದರೆ ಅಪ್ಪ ದಿನಕ್ಕೆ ಹತ್ತು ಸಲ ‘ನನ್ನ ದುಡ್ಡು ಎಲ್ಲಿ, ಕದ್ದುಬಿಟ್ಟಿರಾ?’ ಎಂದು ಕೇಳುತ್ತಾರೆ.

ಕಾಯಿಲೆ ಆಡಿಸುವ ಮಾತು ಅದು. ವಾದ ಮಾಡಬೇಡಿ, ಬ್ಯಾಂಕಿನ ಸ್ಟೇಟ್‌ಮೆಂಟ್ ತೋರಿಸಿ ಸಾಬೀತು ಮಾಡಲೂ ಹೋಗಬೇಡಿ. ಬದುಕೆಲ್ಲ ದುಡಿದವರಿಗೆ ಜೇಬು ಖಾಲಿ ಎಂದರೆ ಭಯ. ನಮ್ಮ ಅಪ್ಪನ ಹಳೆಯ ಪರ್ಸಿನಲ್ಲಿ ಯಾವಾಗಲೂ ಹತ್ತು, ಇಪ್ಪತ್ತರ ಕೆಲವು ನೋಟು ಇಡುತ್ತಿದ್ದೆವು, ಜೊತೆಗೆ ಮುಗಿದುಹೋದ ಒಂದು ಪಾಸ್‌ಬುಕ್. ಅವರು ಅದನ್ನು ತೆಗೆದು ಎಣಿಸುತ್ತಿದ್ದರು, ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಸ್ವಲ್ಪ ಹೊತ್ತು ನೆಮ್ಮದಿಯಾಗಿರುತ್ತಿದ್ದರು. ನೋಟು ಎಲ್ಲೋ ಬಿದ್ದುಹೋದರೆ ರಾತ್ರಿ ಮತ್ತೆ ತುಂಬಿಸಿಡುತ್ತಿದ್ದೆವು.